ಉಪಾಧ್ಯಾಯನ ಎರಡು ನಿಷ್ಠೆಗಳು

ಆಲ್ಬರ್ಟ್ ಬೆಟಾನಿಯೇ ಎಂಬ ಫ್ರೆಂಚ್ ಚಿತ್ರಕಾರನು 1887ರಲ್ಲಿ ಬರೆದ 'ಕಪ್ಪು ಕಲೆ' ಎಂಬ ಚಿತ್ರದಲ್ಲಿ ಒಂದು ಪಾಠಶಾಲೆಯ ದೃಶ್ಯವಿದೆ. ಗೋಡೆಯ ಮೇಲೆ ಫ್ರಾನ್ಸಿನ ಭೂಪಟ. ಅದರ ಪೂರ್ವದ ಅಂಚಿನಲ್ಲಿ ಕಪ್ಪಾಗಿ ಕಾಣುವ ಒಂದು ತುಂಡು ನೆಲವನ್ನು ಉಪಾಧ್ಯಾಯನು ಕೋಲಿನಿಂದ ತೋರಿಸುತ್ತಿದ್ದಾನೆ. ಸಮವಸ್ತ್ರ ತೊಟ್ಟ ಬಾಲಕನೊಬ್ಬನು ಅದನ್ನು ನೆಟ್ಟ ದೃಷ್ಟಿಯಿಂದ ನೋಡುತ್ತಿದ್ದಾನೆ. 1870–71ರ ಯುದ್ಧದಲ್ಲಿ ಸೋತು ಫ್ರಾನ್ಸು ಜರ್ಮನಿಗೆ ಒಪ್ಪಿಸಿಕೊಟ್ಟ ಆಲ್ಸೇಸ್ ಸೀಮೆ ಮತ್ತು ಲೊರೇನಿನ ಒಂದು ಭಾಗವೇ ಆ ಕಪ್ಪು ತುಂಡು. ಕಳೆದುಹೋದುದನ್ನು ಮರಳಿ ಪಡೆಯುವ ಹೊಣೆ ನಿನ್ನದು ಎಂದು ಆ ಕೋಲು ಮಗುವಿಗೆ ಹೇಳುತ್ತದೆ. ಅಚ್ಚ ಫ್ರೆಂಚ್ ವೇದನೆಯ ಆ ಚಿತ್ರ ಇಂದು ಬರ್ಲಿನ್ ನಗರದ ಐತಿಹಾಸಿಕ ವಸ್ತುಸಂಗ್ರಹಾಲಯದ ಸ್ವತ್ತಾಗಿದೆ.

ಆ ಉಪಾಧ್ಯಾಯನಂತೆ ದೇಶಾಭಿಮಾನವನ್ನು ಮಕ್ಕಳ ಹೃದಯದಲ್ಲಿ ಬಿತ್ತುವುದಕ್ಕೆಂದೇ ಸರಕಾರ ಸಂಬಳ ಕೊಟ್ಟು ನಿಯಮಿಸಿದ ಮನುಷ್ಯನು, ತನ್ನ ದೇಶಕ್ಕಿಂತ ದೊಡ್ಡದಾದ ಒಂದು ಸಮುದಾಯಕ್ಕೂ ತಾನು ಸೇರಿದವನೆಂದು ಭಾವಿಸಬಲ್ಲನೆ? ಹಾಗೆ ಭಾವಿಸಿದರೆ ಅವನ ಮೊದಲಿನ ನಿಷ್ಠೆಗೆ ಕುಂದು ಬರುವುದೆ? ಯೂರೋಪಿನಲ್ಲಿ ನೂರು ವರ್ಷಗಳಿಗೂ ಮಿಕ್ಕ ಕಾಲದಿಂದ ಈ ಪ್ರಶ್ನೆಯನ್ನು ಉಪಾಧ್ಯಾಯರು ತಮ್ಮ ಮೇಲೆಯೇ ಪ್ರಯೋಗಿಸಿಕೊಂಡು ಬಂದಿದ್ದಾರೆ. ದೇಶದ ಹೆಮ್ಮೆ ಎಂಬುದು ಒಂದೇ ವಸ್ತುವಲ್ಲ. ಅದರಲ್ಲಿ ಎರಡು ಜಾತಿಗಳಿವೆ. ಒಂದು ಜಾತಿಯ ಹೆಮ್ಮೆ ಹಿರಿಯ ಬಂಧಕ್ಕೆ ತಳಹದಿಯಾಗುತ್ತದೆ, ಇನ್ನೊಂದು ಅದಕ್ಕೆ ಅಡ್ಡಗೋಡೆಯಾಗುತ್ತದೆ. ಯಾವ ಉಪಾಧ್ಯಾಯನಲ್ಲಿ ಯಾವುದು ಬೆಳೆಯುತ್ತದೆಂಬುದು ಬಹುಮಟ್ಟಿಗೆ ಅವನು ಮೇಜಿನ ಮುಂದೆ ಕುಳಿತು ಮಾಡುವ ಕೆಲಸದಲ್ಲಿಯೇ ನಿಶ್ಚಯವಾಗುತ್ತದೆ. ಆ ಚರಿತ್ರೆಯನ್ನು ಓದಿದಾಗ ನನಗೆ ದೃಢವಾಗಿ ತೋರುವುದು ಇದು.

ಫ್ರಾನ್ಸಿನ ಮೂರನೆಯ ಗಣರಾಜ್ಯವು 1881–82ರ ಶಾಸನಗಳಿಂದ ಪ್ರಾಥಮಿಕ ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಮತನಿರಪೇಕ್ಷವೂ ಆಗಿ ಮಾಡಿ, ಹಳ್ಳಿಹಳ್ಳಿಗೂ ಕರಿಯ ಉಡುಪಿನ ಉಪಾಧ್ಯಾಯನೊಬ್ಬನನ್ನು ಕಳುಹಿಸಿತು. ಅವನ ಕೈಯಲ್ಲಿದ್ದುದು ಎರ್ನೆಸ್ಟ್ ಲಾವಿಸ್ ಬರೆದ ಚರಿತ್ರೆಯ ಪುಟ್ಟ ಪುಸ್ತಕ. ಆ ಕಾಲದ ಮನೋಧರ್ಮವನ್ನು ನಮ್ಮ ಓದುಗರೂ ಸ್ವಲ್ಪ ಬಲ್ಲರು. ಆಲ್ಫೋನ್ಸ್ ದೋದೆಯ 1873ರ ಸಂಕಲನದಲ್ಲಿರುವ 'ಕೊನೆಯ ಪಾಠ' ಎಂಬ ಕಥೆ ನಮ್ಮಲ್ಲಿ ಕೇಂದ್ರೀಯ ಪಠ್ಯಕ್ರಮದ ಹನ್ನೆರಡನೆಯ ತರಗತಿಯ ಇಂಗ್ಲಿಷ್ ಪುಸ್ತಕದ ಮೂಲಕ ಅಸಂಖ್ಯ ವಿದ್ಯಾರ್ಥಿಗಳನ್ನು ಮುಟ್ಟಿದೆ. ನಾಳೆಯಿಂದ ಆಲ್ಸೇಸಿನ ಪಾಠಶಾಲೆಗಳಲ್ಲಿ ಜರ್ಮನ್ ಭಾಷೆಯನ್ನು ಮಾತ್ರವೇ ಕಲಿಸತಕ್ಕದ್ದೆಂದು ಬರ್ಲಿನ್ನಿನಿಂದ ಆಜ್ಞೆ ಬಂದಿರಲು, ವೃದ್ಧ ಉಪಾಧ್ಯಾಯ ಹಾಮೆಲ್ ಹಬ್ಬದ ಉಡುಪು ಧರಿಸಿ ಬಂದು ಫ್ರೆಂಚಿನ ಕಡೆಯ ಪಾಠವನ್ನು ಹೇಳುತ್ತಾನೆ. ಕಣ್ಣು ಒದ್ದೆಯಾಗದೆ ಓದಲಾಗದ ಕಥೆ ಅದು. ಆದರೆ ಆ ಊರುಗಳಲ್ಲಿ ಬಹುಪಾಲು ಮಕ್ಕಳು ಮನೆಯಲ್ಲಿ ಆಡುತ್ತಿದ್ದುದು ಜರ್ಮನ್ ಕುಲದ ಒಂದು ಉಪಭಾಷೆಯನ್ನೇ ಎಂಬ ಸಂಗತಿಯನ್ನು ಕಥೆ ಹೇಳುವುದಿಲ್ಲ. 1918ರಲ್ಲಿ ಫ್ರಾನ್ಸು ಗೆದ್ದು ಮರಳಿ ಬಂದ ಮೇಲೆ, ಜರ್ಮನ್ನಿನಲ್ಲಿ ಓದು ಕಲಿತಿದ್ದ ಮಕ್ಕಳು ಫ್ರೆಂಚ್ ಮಾತ್ರ ನಡೆಯುವ ತರಗತಿಗಳಲ್ಲಿ ಕುಳಿತರು. ಪ್ರತಿಯೊಂದು ಸಲವೂ ಹೊಸ ಉಪಾಧ್ಯಾಯನು ಪ್ರಾಮಾಣಿಕವಾಗಿಯೇ ತನ್ನ ದೇಶವನ್ನು ಪ್ರೀತಿಸುತ್ತಿದ್ದನು; ಪ್ರತಿಯೊಂದು ಸಲವೂ ಮಗುವಿನ ಮನೆಮಾತು ಬಾಗಿಲ ಹೊರಗೆ ಉಳಿಯಿತು.

ಮೊದಲನೆಯ ಮಹಾಯುದ್ಧದಲ್ಲಿ ತಾವು ಓದಿಸಿದ ಹುಡುಗರು ಸಾವಿರಗಟ್ಟಲೆಯಾಗಿ ಮಡಿದುದನ್ನು ಕಂಡ ಉಪಾಧ್ಯಾಯವರ್ಗದಲ್ಲಿ ಒಂದು ದೊಡ್ಡ ಪರಿವರ್ತನೆಯಾಯಿತು. ಫ್ರಾನ್ಸಿನ ಪ್ರಾಥಮಿಕ ಶಿಕ್ಷಕರ ಸಂಘಗಳು, ನೆರೆಯವರ ಮೇಲೆ ದ್ವೇಷ ಹುಟ್ಟಿಸುವ ಚರಿತ್ರೆಯ ಪುಸ್ತಕಗಳನ್ನು ಶಾಲೆಯಿಂದ ತೆಗೆಸಲು 1920ರ ದಶಕದಲ್ಲಿ ಚಳವಳಿ ನಡೆಸಿದವು. ರಾಷ್ಟ್ರಸಂಘದ ಆಶ್ರಯದಲ್ಲಿ 1922ರಲ್ಲಿ ಏರ್ಪಟ್ಟ ಬೌದ್ಧಿಕ ಸಹಕಾರ ಸಮಿತಿಯು 1925ರಲ್ಲಿ, ಒಂದು ದೇಶದ ಪಠ್ಯಪುಸ್ತಕದಲ್ಲಿ ಮತ್ತೊಂದು ದೇಶವನ್ನು ಕುರಿತು ಇರುವ ತಪ್ಪುಗಳನ್ನು ಪರಸ್ಪರ ತಿಳಿಸಿ ತಿದ್ದಿಸುವ ವಿಧಾನವೊಂದನ್ನು ಅಂಗೀಕರಿಸಿತು. ಬೆರ್ಗ್‌ಸನ್, ಐನ್‌ಸ್ಟೈನ್, ಮೇರಿ ಕ್ಯೂರಿ ಮೊದಲಾದವರಿದ್ದ ಆ ಸಮಿತಿಯಲ್ಲಿ ಭಾರತದಿಂದ ಜಗದೀಶಚಂದ್ರ ಬೋಸರೂ ಅನಂತರ 1931ರಿಂದ ಸರ್ವಪಲ್ಲಿ ರಾಧಾಕೃಷ್ಣನ್ನರೂ ಸದಸ್ಯರಾಗಿದ್ದರು. 1918ರಿಂದ 1921ರವರೆಗೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಬೋಧಿಸಿದ ರಾಧಾಕೃಷ್ಣನ್ನರು, ತಮ್ಮ ನಾಡಿನ ದರ್ಶನಗಳ ವಿಷಯದಲ್ಲಿ ಎಷ್ಟು ಅಭಿಮಾನಿಗಳೋ ಲೋಕದ ವಿದ್ವತ್ಸಮುದಾಯದಲ್ಲಿ ಅಷ್ಟೇ ಸಲೀಸಾಗಿ ಬೆರೆತವರು. ಅವರ ಹುಟ್ಟಿದ ದಿನವನ್ನೇ ನಾವು ಶಿಕ್ಷಕರ ದಿನವಾಗಿ ಆಚರಿಸುತ್ತಿರುವುದು ಈ ಕಾರಣದಿಂದಲೂ ಉಚಿತವೆಂದು ನನ್ನ ಭಾವನೆ.

ಆದರೆ ಈ ಚರಿತ್ರೆಯಲ್ಲಿ ನನ್ನನ್ನು ಎಲ್ಲರಿಗಿಂತ ಹೆಚ್ಚಾಗಿ ಸೆಳೆದ ಉಪಾಧ್ಯಾಯನು ಜೂಲ್ ಇಸಾಕ್. 1877ರಲ್ಲಿ ಯೆಹೂದ್ಯ ಸೈನ್ಯಾಧಿಕಾರಿಯೊಬ್ಬರ ಮಗನಾಗಿ ಹುಟ್ಟಿ, ಪ್ರೌಢಶಾಲೆಗಳಲ್ಲಿ ಚರಿತ್ರೆ ಕಲಿಸುತ್ತ, ಯುದ್ಧಕ್ಕೆ ಹೋಗಿ ವೆರ್ದೆನ್ನಿನಲ್ಲಿ ಗಾಯಗೊಂಡು ಮರಳಿದವರು ಇವರು. ತಮ್ಮ ಸಹಲೇಖಕ ಆಲ್ಬರ್ಟ್ ಮಾಲೆ 1915ರ ಕಾಳಗದಲ್ಲಿ ಮಡಿದ ಮೇಲೆ ಅವರ ಚರಿತ್ರೆಯ ಪಠ್ಯಪುಸ್ತಕಮಾಲೆಯನ್ನು ಮುಂದುವರಿಸಿದುದರಿಂದ, ಫ್ರಾನ್ಸಿನ ತಲೆಮಾರುಗಳು 'ಮಾಲೆ-ಇಸಾಕ್' ಎಂಬ ಜೋಡಿ ಹೆಸರಿನಲ್ಲಿಯೇ ಚರಿತ್ರೆಯನ್ನು ಕಲಿತವು. ಸಹೋದ್ಯೋಗಿಯನ್ನು ಕೊಂದ, ತನ್ನ ದೇಹಕ್ಕೂ ಗಾಯ ಮಾಡಿದ ಶತ್ರುವನ್ನು ಕುರಿತು ಮಕ್ಕಳಿಗೆ ಏನು ಹೇಳಬೇಕು? ಇಸಾಕರು ಯುದ್ಧಕಾರಣಗಳ ದಾಖಲೆಗಳನ್ನು ವರ್ಷಗಟ್ಟಲೆ ಶೋಧಿಸಿ 1933ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. 1935ರಲ್ಲಿ ಫ್ರೆಂಚ್ ಮತ್ತು ಜರ್ಮನ್ ಇತಿಹಾಸಜ್ಞರು ಪ್ಯಾರಿಸ್ಸಿನಲ್ಲಿ ಕೂಡಿ, ಉಭಯ ದೇಶಗಳ ಪಠ್ಯಪುಸ್ತಕಗಳಲ್ಲಿ ವಿವಾದಾಸ್ಪದವಾದ ಅಂಶಗಳನ್ನು ಕುರಿತು ಒಪ್ಪಿತ ಸೂತ್ರಗಳನ್ನು ಬರೆಯಲು ಯತ್ನಿಸಿದಾಗ ಅದರಲ್ಲಿ ಅವರೂ ಇದ್ದರು. ಜರ್ಮನಿಯಲ್ಲಿ ಆಗಲೇ ಹಿಟ್ಲರನ ಆಳ್ವಿಕೆ. ಆ ಸೂತ್ರಗಳಿಗೆ ಅಲ್ಲಿಯ ಶಾಲೆಗಳಲ್ಲಿ ನೆಲೆ ಸಿಕ್ಕಲಿಲ್ಲ.

ಮುಂದೆ ನಡೆದುದನ್ನು ಬರೆಯುವಾಗ ಕೈ ತಡೆಯುತ್ತದೆ. 1940ರಲ್ಲಿ ಫ್ರಾನ್ಸು ಸೋತೊಡನೆ, ವಿಶಿಯಲ್ಲಿ ಏರ್ಪಟ್ಟ ಸರಕಾರವು ಆ ಹೊತ್ತಿಗೆ ಶಿಕ್ಷಣ ಇಲಾಖೆಯ ಹಿರಿಯ ಪರಿವೀಕ್ಷಕರಾಗಿದ್ದ ಇಸಾಕರನ್ನು ಯೆಹೂದ್ಯರೆಂಬ ಒಂದೇ ಕಾರಣದಿಂದ ಕೆಲಸದಿಂದ ತೆಗೆದುಹಾಕಿತು. ಇಸಾಕ್ ಎಂಬ ಹೆಸರಿನವನು ಫ್ರೆಂಚ್ ಮಕ್ಕಳಿಗೆ ಫ್ರಾನ್ಸಿನ ಚರಿತ್ರೆ ಕಲಿಸುವುದು ಸಲ್ಲದೆಂದು ಆ ಸರಕಾರದ ಶಿಕ್ಷಣಮಂತ್ರಿಯೇ ಬಹಿರಂಗವಾಗಿ ಆಡಿದನು. 1943ರಲ್ಲಿ ಅವರ ಹೆಂಡತಿಯನ್ನೂ ಮಗಳನ್ನೂ ಹಿಡಿದೊಯ್ದು ಸಾವಿಗೆ ಗುರಿಮಾಡಿದರು. ಆ ಹೊತ್ತಿನಲ್ಲಿ ಅವರು ಅಲ್ಲಿ ಇರದಿದ್ದುದರಿಂದ ಬದುಕಿ ಉಳಿದರು. ಅಂಥ ಮನುಷ್ಯನು ಎಲ್ಲ ದೇಶಗಳನ್ನೂ ಎಲ್ಲ ಮನುಷ್ಯರನ್ನೂ ಶಪಿಸಿದ್ದರೆ ಯಾರು ತಾನೆ ತಪ್ಪೆನ್ನುತ್ತಿದ್ದರು? ಅವರು ಹಾಗೆ ಮಾಡಲಿಲ್ಲ. ಕ್ರೈಸ್ತ ಬೋಧನೆಯಲ್ಲಿ ಯೆಹೂದ್ಯರ ವಿಷಯಕವಾಗಿ ಶತಮಾನಗಳಿಂದ ಬೆಳೆದಿದ್ದ ತಿರಸ್ಕಾರದ ಪಾಠಗಳನ್ನು ತಿದ್ದುವ ಕಾರ್ಯಕ್ಕೆ ಉಳಿದ ಆಯುಷ್ಯವನ್ನು ಮುಡಿಪಿಟ್ಟು, 1960ರಲ್ಲಿ ಪೋಪ್ ಇಪ್ಪತ್ತಮೂರನೆಯ ಜಾನರನ್ನು ಕಂಡು ತಮ್ಮ ವಾದವನ್ನು ಮುಂದಿಟ್ಟರು. ಕಡೆಯವರೆಗೂ ಅವರು ಮಾಡಿದುದು ಉಪಾಧ್ಯಾಯನ ಕೆಲಸವನ್ನೇ: ಮಕ್ಕಳಿಗೆ ಹೇಳಿಕೊಡುವ ಮಾತು ನಿಜವೇ ಎಂದು ನೋಡುವುದು, ಅಲ್ಲದಿದ್ದರೆ ತಿದ್ದುವುದು. ತನ್ನ ದೇಶ ಸತ್ಯವನ್ನು ಸಹಿಸಬಲ್ಲದೆಂಬ ನಂಬಿಕೆಯೇ ಅವರ ದೇಶಾಭಿಮಾನವಾಗಿತ್ತು. ಅಂಥ ಅಭಿಮಾನಕ್ಕೆ ಗಡಿಯಾಚೆಯವನೊಡನೆ ಮೇಜಿಗೆ ಕೂರುವುದು ಅವಮಾನವೆನಿಸುವುದಿಲ್ಲ.

1935ರಲ್ಲಿ ಬಿದ್ದುಹೋದ ಸೂತ್ರಗಳನ್ನು ಯುದ್ಧಾನಂತರ ಮತ್ತೆ ಎತ್ತಿಕೊಂಡವರು ಜರ್ಮನಿಯ ಬ್ರೌನ್‌ಷ್ವೈಗ್ ನಗರದ ಶಿಕ್ಷಕರ ತರಬೇತಿ ಕಾಲೇಜಿನಲ್ಲಿದ್ದ ಗಿಯೋರ್ಗ್ ಎಕರ್ಟ್. ಅವರು 1951ರಲ್ಲಿ ಪಠ್ಯಪುಸ್ತಕ ಸುಧಾರಣೆಗೆಂದು ಒಂದು ಸಂಸ್ಥೆಯನ್ನು ಕಟ್ಟಿದರು. ಅದೇ ವರ್ಷ ಉಭಯ ದೇಶಗಳ ಚರಿತ್ರೆಯ ಉಪಾಧ್ಯಾಯರು ಒಪ್ಪಿ ಹೊರಡಿಸಿದ ಸೂತ್ರಗಳಲ್ಲಿ, 1914ರ ಯುದ್ಧವನ್ನು ಯಾವುದೇ ಒಂದು ಸರಕಾರವಾಗಲಿ ಜನಾಂಗವಾಗಲಿ ಬೇಕೆಂದೇ ಬಯಸಿ ತಂದುದೆಂದು ಹೇಳಲು ದಾಖಲೆಗಳು ಅವಕಾಶ ಕೊಡವು ಎಂಬ ಅಭಿಪ್ರಾಯವಿತ್ತು. ಹೊಲಗಳಲ್ಲಿ ಇನ್ನೂ ಸಿಡಿಗುಂಡುಗಳು ಸಿಕ್ಕುತ್ತಿದ್ದ ಕಾಲದಲ್ಲಿ ಆ ಮಾತಿಗೆ ಸಹಿ ಹಾಕಲು ಎಷ್ಟು ಧೈರ್ಯ ಬೇಕಾಗಿತ್ತೆಂಬುದನ್ನು ನಾವು ಊಹಿಸಬಹುದು. 1972ರಲ್ಲಿ ಜರ್ಮನಿ ಮತ್ತು ಪೋಲೆಂಡುಗಳ ನಡುವೆಯೂ ಅಂಥ ಆಯೋಗ ಏರ್ಪಟ್ಟಿತು. ಅದು 1976ರಲ್ಲಿ ಶಿಫಾರಸುಗಳನ್ನು ಪ್ರಕಟಿಸಿತು.

ಇಂಥ ಯತ್ನಗಳ ಫಲವಾಗಿ ಫ್ರಾನ್ಸು ಜರ್ಮನಿಗಳೆರಡಕ್ಕೂ ಒಂದೇ ಪಠ್ಯಪುಸ್ತಕವೆಂಬ ಕನಸೂ ಕೈಗೂಡಿತು. 2003ರಲ್ಲಿ ಫ್ರಾನ್ಸು-ಜರ್ಮನಿಗಳ ಮೈತ್ರಿ ಒಡಂಬಡಿಕೆಯ ನಲವತ್ತನೆಯ ವರ್ಷವೆಂದು ಬರ್ಲಿನ್ನಿನಲ್ಲಿ ಸೇರಿದ ಸುಮಾರು 500 ವಿದ್ಯಾರ್ಥಿಗಳು ಇದನ್ನು ಕೇಳಿದರು. 2006ರಲ್ಲಿ ಮೊದಲ ಸಂಪುಟ ಎರಡು ಭಾಷೆಗಳಲ್ಲಿ ಹೊರಬಂದಿತು, ಮಿಕ್ಕೆರಡು 2008 ಮತ್ತು 2011ರಲ್ಲಿ. ಬರೆಯುವಾಗ ಲೇಖಕರಿಗೆ ತೊಡಕಾದುದು ಹಳೆಯ ಯುದ್ಧಗಳಲ್ಲ, 1945ರ ಈಚಿನ ಅಮೆರಿಕವನ್ನು ಹೇಗೆ ವರ್ಣಿಸಬೇಕೆಂಬುದು. ಅಮೆರಿಕದ ನೆರಳಿನಲ್ಲಿ ಪುನರುತ್ಥಾನಗೊಂಡ ಜರ್ಮನ್ನರಿಗೂ ಅದರಿಂದ ದೂರ ನಿಲ್ಲಲು ಬಯಸಿದ ಫ್ರೆಂಚರಿಗೂ ಅದರ ಮುಖ ಬೇರೆಬೇರೆಯಾಗಿಯೇ ಕಂಡಿತು. ಆಗ ಅವರು ಭೇದವನ್ನು ಮುಚ್ಚಿಡದೆ, ಎರಡೂ ನೋಟಗಳನ್ನು ಎದುರುಬದುರಾಗಿ ಇಟ್ಟರು. ಈ ಪುಸ್ತಕವೇನೂ ಎಲ್ಲ ಶಾಲೆಗಳನ್ನು ಹೊಕ್ಕಲಿಲ್ಲ. ಜರ್ಮನಿಯ ಹದಿನಾರು ರಾಜ್ಯಗಳಿಗೆ ಹದಿನಾರು ಪಠ್ಯಕ್ರಮಗಳಿರುವುದರಿಂದ ಅದು ಮುಖ್ಯವಾಗಿ ದ್ವಿಭಾಷಾ ತರಗತಿಗಳಲ್ಲಿಯೇ ನಿಂತಿತು. ಆದರೂ ಬೆಟಾನಿಯೇಯ ಚಿತ್ರದ ಉಪಾಧ್ಯಾಯನಿಗೆ ಇಂಥ ಪುಸ್ತಕ ಊಹೆಗೂ ನಿಲುಕದ ವಸ್ತುವಾಗಿತ್ತೆಂಬುದನ್ನು ನೆನೆದರೆ ಅದರ ಬೆಲೆ ತಿಳಿಯುತ್ತದೆ.

ಇನ್ನು ಸಮಾಜವಿಜ್ಞಾನಿಗಳ ಮಾತು. ಯೂರೋಪಿನ ಆಯೋಗವು ನಡೆಸುವ ಜನಾಭಿಪ್ರಾಯ ಸಮೀಕ್ಷೆಯಲ್ಲಿ 1992ರಿಂದಲೂ ಒಂದು ಪ್ರಶ್ನೆ ಮರಳಿ ಮರಳಿ ಬಂದಿದೆ: ನೀವು ನಿಮ್ಮನ್ನು ಕೇವಲ ನಿಮ್ಮ ದೇಶದವರೆಂದು ಎಣಿಸುವಿರೋ, ಮೊದಲು ದೇಶದವರು ಆಮೇಲೆ ಯೂರೋಪಿಯನ್ನರೆಂದೋ, ಮೊದಲು ಯೂರೋಪಿಯನ್ನರು ಆಮೇಲೆ ದೇಶದವರೆಂದೋ, ಕೇವಲ ಯೂರೋಪಿಯನ್ನರೆಂದೋ? ಕೇವಲ ಯೂರೋಪಿಯನ್ನರೆನ್ನುವವರು ಎಂದೆಂದೂ ಬೆರಳೆಣಿಕೆಯವರೇ. ಈಚಿನ ವರ್ಷಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ಎರಡನೆಯ ಉತ್ತರವನ್ನು ಕೊಡುತ್ತಿದ್ದಾರೆ. ಅಂದರೆ ದೇಶವನ್ನು ಬಿಟ್ಟು ಯೂರೋಪನ್ನು ಹಿಡಿಯುವವರು ಇಲ್ಲವೆಂದೇ ಹೇಳಬೇಕು. ಹಿಡಿಯುವವರು ಎರಡನ್ನೂ ಹಿಡಿಯುತ್ತಾರೆ. ಈ ಬಗೆಯ ಒಂದರೊಳಗೊಂದು ಅಡಕವಾದ ಅಭಿಮಾನ ಕನ್ನಡಿಗನಿಗೆ ವಿವರಿಸಬೇಕಾದುದಲ್ಲ. ಇಂಗ್ಲಿಷಿನ ಪ್ರಾಧ್ಯಾಪಕರಾಗಿದ್ದುಕೊಂಡೇ 1926ರಲ್ಲಿ 'ಇಂಗ್ಲಿಷ್ ಗೀತಗಳು' ಎಂಬ ಕೃತಿಯಿಂದ ಹೊಸಗನ್ನಡ ಕಾವ್ಯಕ್ಕೆ ದಾರಿ ತೆರೆದ ಬಿ. ಎಂ. ಶ್ರೀಕಂಠಯ್ಯನವರು ಕನ್ನಡವನ್ನು ಕಡಮೆ ಪ್ರೀತಿಸಿದರೆಂದು ಯಾರೂ ಹೇಳಲಾರರು. ಆದರೆ ಹೋಲಿಕೆಯನ್ನು ಬಹು ದೂರ ಎಳೆಯಬಾರದು. ಭಾರತಕ್ಕೆ ಒಂದು ಸ್ವಾತಂತ್ರ್ಯಸಮರದ ಸ್ಮೃತಿಯೂ ಒಂದು ಸಂವಿಧಾನವೂ ಇವೆ; ಯೂರೋಪಿನ ದೇಶಗಳಿಗೆ ಸಮಾನವಾಗಿರುವ ಸ್ಮೃತಿಗಳಲ್ಲಿ ಬಹುಪಾಲು ಒಬ್ಬರನ್ನೊಬ್ಬರು ಕೊಂದುದರ ನೆನಪುಗಳು.

ಹೆಮ್ಮೆಯ ಎರಡು ಜಾತಿಗಳೆಂದೆನಷ್ಟೆ. ಅಮೆರಿಕದ ಕಾಸ್ಟರ್‌ಮನ್ ಮತ್ತು ಫೆಶ್‌ಬಾಕ್ ಎಂಬ ಮನಶ್ಶಾಸ್ತ್ರಜ್ಞರು 1989ರಲ್ಲಿಯೇ, ತನ್ನ ದೇಶದ ಮೇಲಣ ಮಮತೆಯೂ ತನ್ನ ದೇಶ ಇತರರಿಗಿಂತ ಮೇಲಾದುದು, ಅವರ ಮೇಲೆ ಕೈಮೇಲಾಗಿರಬೇಕಾದುದು ಎಂಬ ಭಾವನೆಯೂ ಬೇರೆಬೇರೆಯಾಗಿ ಅಳೆಯಬಹುದಾದ ಗುಣಗಳೆಂದು ತೋರಿಸಿದರು. ಮೊದಲನೆಯದು ಯೂರೋಪಿನಂಥ ಹಿರಿಯ ಬಂಧದೊಡನೆ ಸುಖವಾಗಿ ಬಾಳುತ್ತದೆ, ಎಷ್ಟೋ ವೇಳೆ ಅದನ್ನು ಬಲಪಡಿಸುತ್ತದೆ. ಎರಡನೆಯದು ಅದನ್ನು ಕಂಡರೆ ಮುಖ ತಿರುಗಿಸುತ್ತದೆ. ನೀಲ್ ಫ್ಲಿಗ್‌ಸ್ಟೈನ್ ಎಂಬ ಸಮಾಜಶಾಸ್ತ್ರಜ್ಞರು 2008ರ ತಮ್ಮ ಗ್ರಂಥದಲ್ಲಿ, ಗಡಿ ದಾಟಿ ಓಡಾಡುವ, ಪರಭಾಷೆಗಳನ್ನು ಬಲ್ಲ, ಹೊರಗಿನವರೊಡನೆ ವ್ಯವಹರಿಸುವ ವಿದ್ಯಾವಂತರಲ್ಲಿ ಯೂರೋಪಿಯನ್ ಭಾವನೆ ಹೆಚ್ಚೆಂದು ವಿವರಿಸಿದ್ದಾರೆ. ಓದಿನ ಮಟ್ಟದಿಂದ ಉಪಾಧ್ಯಾಯರು ಆ ವರ್ಗಕ್ಕೆ ಸೇರಿದವರೇ. ಆದರೆ ಪರಭಾಷೆ ಕಲಿಸುತ್ತ ಮಕ್ಕಳನ್ನು ನೆರೆಯ ದೇಶಕ್ಕೆ ಕರೆದೊಯ್ಯುವ ಉಪಾಧ್ಯಾಯಿನಿಗೂ, ಹುಟ್ಟಿದ ಊರಿನಲ್ಲಿಯೇ ಇದ್ದು ಸ್ವದೇಶದ ಚರಿತ್ರೆಯನ್ನು ಸರಕಾರದ ಪಠ್ಯಕ್ರಮದಂತೆ ಒಪ್ಪಿಸುವ ಮೇಷ್ಟರಿಗೂ ದೊರೆಯುವ ಅವಕಾಶ ಸಮವಲ್ಲ. ಯೂರೋಪೆಂದರೆ ಒಬ್ಬರಿಗೆ ಪರಿಚಿತ ಮುಖಗಳು. ಇನ್ನೊಬ್ಬರಿಗೆ ಪುಸ್ತಕದ ಕಡೆಯ ಅಧ್ಯಾಯ.

ಹಿರಿಯ ಬಂಧದಲ್ಲಿಯೂ ಒಂದು ಅಪಾಯ ಅಡಗಿದೆ. ಅಮೆಲೀ ಮುಮ್ಮೆಂಡೈ ಮತ್ತು ಮೈಕೇಲ್ ವೆನ್ಜೆಲ್ ಎಂಬ ಮನಶ್ಶಾಸ್ತ್ರಜ್ಞರು 1999ರಲ್ಲಿ ಮಂಡಿಸಿದ ವಿಚಾರದಂತೆ, ಮನುಷ್ಯನು ಹಿರಿಯ ಸಮುದಾಯವನ್ನು ತನ್ನ ಕಿರಿಯ ಸಮುದಾಯದ ಪ್ರತಿಬಿಂಬವೆಂದೇ ಕಲ್ಪಿಸಿಕೊಳ್ಳುತ್ತಾನೆ. ಆಗ ತನ್ನಂತೆ ಇಲ್ಲದವನು ಆ ಹಿರಿಯ ಸಮುದಾಯಕ್ಕೂ ಸಲ್ಲದವನಾಗಿ ಕಾಣುತ್ತಾನೆ. ದೊಡ್ಡ ದೇಶದ ಉಪಾಧ್ಯಾಯನು ಯೂರೋಪನ್ನು ಹೊಗಳುವಾಗ ತನಗರಿವಿಲ್ಲದೆಯೇ ತನ್ನ ದೇಶವನ್ನೇ ಹೊಗಳುತ್ತಿರಬಹುದು. ದೇಶದಿಂದ ದೇಶಕ್ಕೆ ಈ ಸಂಬಂಧ ಬದಲಾಗುವುದೂ ಉಂಟು. 1945ರ ಅನಂತರ ಸ್ವದೇಶದ ಹೆಮ್ಮೆಯನ್ನು ಬಾಯಿ ಬಿಟ್ಟು ಆಡಲಾಗದಿದ್ದ ಜರ್ಮನ್ ಉಪಾಧ್ಯಾಯನಿಗೆ ಯೂರೋಪು ಒಂದು ಆಶ್ರಯವಾಯಿತು. 2004ರಲ್ಲಿ ಯೂರೋಪಿಯನ್ ಒಕ್ಕೂಟವನ್ನು ಸೇರಿದ ಪೋಲೆಂಡಿನಲ್ಲಿ ಅನೇಕರಿಗೆ ಅದು ರಾಷ್ಟ್ರೀಯ ಗೌರವದ ಪುನಃಪ್ರಾಪ್ತಿಯಾಗಿಯೇ ತೋರಿತು. 2016ರಲ್ಲಿ ಹೊರಬರಲು ಮತ ಹಾಕಿದ ಬ್ರಿಟನ್ನಿನಲ್ಲಿ ಯೂರೋಪೆಂದರೆ ಕಡಲಾಚೆಯ ನೆಲವೆಂಬ ಹಳೆಯ ಪಾಠ ಬಲವಾಗಿಯೇ ಉಳಿದಿತ್ತು.

ಎರಡು ನಿಷ್ಠೆಗಳೂ ಒಂದೇ ಕೊಠಡಿಯಲ್ಲಿ ದಿನನಿತ್ಯ ಪರೀಕ್ಷೆಗೆ ಒಳಗಾಗುವ ಸ್ಥಳವೆಂದರೆ ಯೂರೋಪಿಯನ್ ಶಾಲೆಗಳು. ಯೂರೋಪಿನ ಕಲ್ಲಿದ್ದಲು ಮತ್ತು ಉಕ್ಕಿನ ಸಮುದಾಯದ ಅಧಿಕಾರಿಗಳು ತಮ್ಮ ಮಕ್ಕಳಿಗೆಂದು 1953ರಲ್ಲಿ ಲಕ್ಸೆಂಬರ್ಗಿನಲ್ಲಿ ಮೊದಲನೆಯದನ್ನು ತೆರೆದರು. ಸ್ವದೇಶದ ಪ್ರೀತಿಯನ್ನೂ ಹೆಮ್ಮೆಯನ್ನೂ ತೊರೆಯದೆಯೇ ಮಕ್ಕಳು ಯೂರೋಪಿಯನ್ನರಾಗಬೇಕೆಂಬ ಆಶಯವನ್ನು ಬರೆದ ಹಾಳೆಯನ್ನು ಈ ಶಾಲೆಗಳ ಅಸ್ತಿಭಾರದಲ್ಲಿ ಇಟ್ಟಿದ್ದಾರೆ. ಉಪಾಧ್ಯಾಯರಲ್ಲಿ ಅನೇಕರನ್ನು ಆಯಾ ದೇಶದ ಸರಕಾರಗಳೇ ನಿಯತ ಕಾಲಕ್ಕೆ ಎರವಲಾಗಿ ಕಳುಹಿಸುತ್ತವೆ. ಅಂಥವರ ಸಂಬಳದ ಒಂದು ಪಾಲು ಸ್ವದೇಶದಿಂದ, ಇನ್ನೊಂದು ಪಾಲು ಶಾಲೆಯಿಂದ. ಮಾತೃಭಾಷೆಯನ್ನು ಮಗುವು ಸಾಮಾನ್ಯವಾಗಿ ಆ ಭಾಷೆಯ ಉಪಾಧ್ಯಾಯರಿಂದಲೇ ಕಲಿಯುತ್ತದೆ, ಆದರೆ ಪ್ರೌಢತರಗತಿಗಳಲ್ಲಿ ಚರಿತ್ರೆ, ಭೂಗೋಳಗಳನ್ನು ತನ್ನದಲ್ಲದ ಒಂದು ಭಾಷೆಯಲ್ಲಿ, ಬೇರೆ ದೇಶಗಳ ಮಕ್ಕಳೊಡನೆ ಕುಳಿತು ಕಲಿಯಬೇಕು. ಜರ್ಮನ್ ಉಪಾಧ್ಯಾಯನೊಬ್ಬನು ಅಲ್ಲಿ ನೆಪೋಲಿಯನ್ನನ ಪಾಠವನ್ನು ತೆಗೆದುಕೊಂಡನೆನ್ನೋಣ. ಮುಂದಿನ ಸಾಲಿನ ಫ್ರೆಂಚ್ ಹುಡುಗನಿಗೆ ಅವನು ನ್ಯಾಯಸಂಹಿತೆಯನ್ನು ಕೊಟ್ಟ ವೀರ; ಪಕ್ಕದ ಸ್ಪೇನಿನ ಹುಡುಗಿಗೆ 1808ರಲ್ಲಿ ನಾಡಿನ ಮೇಲೆ ಬಿದ್ದ ಆಕ್ರಮಣಕಾರ; ಪೋಲೆಂಡಿನ ಬಾಲಕನಿಗೆ 1807ರಲ್ಲಿ ವಾರ್ಸಾ ಸಂಸ್ಥಾನವನ್ನು ಕಟ್ಟಿಕೊಟ್ಟು ಆಸೆ ಹುಟ್ಟಿಸಿದವನು. ಅಲ್ಲಿ ಉಪಾಧ್ಯಾಯನಿಗೆ ತನ್ನ ದೇಶದ ಪುಸ್ತಕದ ವಾಕ್ಯವನ್ನು ಒಪ್ಪಿಸಿ ಮುಂದೆ ಹೋಗುವ ಸೌಕರ್ಯವಿಲ್ಲ. ಕೈ ಎತ್ತಿ ಎದ್ದು ನಿಲ್ಲುವ ಮಗುವೊಂದು ಸದಾ ಇರುತ್ತದೆ. ಆದರೆ ಇವು ಬಹುಮಟ್ಟಿಗೆ ಅಧಿಕಾರಿಗಳ ಮಕ್ಕಳಿಗೆ ಮೀಸಲಾದ ಕೆಲವೇ ಶಾಲೆಗಳು. ಉಳಿದ ಲಕ್ಷಾಂತರ ಉಪಾಧ್ಯಾಯರ ಪಾಲಿಗೆ, ಏನು ಕಲಿಸಬೇಕೆಂಬುದು ಆಯಾ ದೇಶದ ಹೊಣೆಯೆಂದು 1992ರ ಮಾಸ್ಟ್ರಿಕ್ಟ್ ಒಡಂಬಡಿಕೆಯೇ ಹೇಳಿದೆ.

ಇಂದು ಅದೇ ಕೊಠಡಿಯ ಪರಿಸ್ಥಿತಿ ಸಾಮಾನ್ಯ ಶಾಲೆಗಳಿಗೂ ಬಂದಿದೆ, ಆದರೆ ಬೇರೊಂದು ದಾರಿಯಿಂದ. ಬರ್ಲಿನ್ನಿನ ತರಗತಿಯಲ್ಲಿ ತುರ್ಕಿಯಿಂದ ಬಂದವರ ಮೊಮ್ಮಕ್ಕಳಿದ್ದಾರೆ, ಮಾರ್ಸೇಯಲ್ಲಿ ಆಲ್ಜೀರಿಯದವರ ಮೊಮ್ಮಕ್ಕಳಿದ್ದಾರೆ. 1683ರಲ್ಲಿ ವಿಯೆನ್ನಾ ನಗರವನ್ನು ತುರ್ಕರು ಮುತ್ತಿದರು, ನಾವು ತಡೆದೆವು ಎಂದು ಉಪಾಧ್ಯಾಯನು ಹೇಳಿದರೆ, ಜರ್ಮನಿಯಲ್ಲಿಯೇ ಹುಟ್ಟಿದ ತುರ್ಕಿ ಮೂಲದ ಮಗು ಯಾವ ಪಕ್ಷದಲ್ಲಿ ನಿಲ್ಲಬೇಕು? ಫ್ರೆಂಚರೂ ಜರ್ಮನ್ನರೂ ಕೂಡಿ ಬರೆದ ಪುಸ್ತಕ ಈ ಮಗುವಿಗೆ ಪೂರ್ಣ ಉತ್ತರ ಕೊಡದು; ದೇಶದ ಹೆಮ್ಮೆಯನ್ನು ಯೂರೋಪಿನ ಹೆಮ್ಮೆಯಾಗಿ ಹಿಗ್ಗಿಸಿದ ಮಾತ್ರಕ್ಕೆ ಆ ಮಗು ಒಳಗಿನದಾಗದು, ಏಕೆಂದರೆ ಗೋಡೆ ಒಂದಿಷ್ಟು ಆಚೆಗೆ ಸರಿದಿರುತ್ತದೆಯೇ ಹೊರತು ಬಿದ್ದಿರುವುದಿಲ್ಲ. ಇಸಾಕರು 1930ರ ದಶಕದಲ್ಲಿ ರೈನ್ ನದಿಯಾಚೆಯವರೊಡನೆ ಕುಳಿತು ಮಾಡಿದ ಕೆಲಸವನ್ನು, ಇಂದಿನ ಉಪಾಧ್ಯಾಯನು ತನ್ನ ತರಗತಿಯಲ್ಲೇ ಕುಳಿತಿರುವ ಮಗುವಿನೊಡನೆ, ಆ ಮಗುವಿನ ಅಜ್ಜನ ನೆನಪನ್ನೂ ದಾಖಲೆಯೆಂದು ಎಣಿಸಿ, ಮಾಡಬೇಕಾಗಿದೆ. ಅದಕ್ಕೆ ಬೇಕಾದ ಪುಸ್ತಕಗಳೂ ತರಬೇತಿಯೂ ವೇಳೆಯೂ ಬಹು ಶಾಲೆಗಳಲ್ಲಿ ಇನ್ನೂ ಅವನ ಕೈಗೆ ಬಂದಿಲ್ಲ.